ತಮ್ಮನ ಪರ ವಾದಿಸಿದ ಚನಮಲ್ಲಪ್ಪ

ಬನಹಟ್ಟಿಯ ಚನಮಲ್ಲಪ್ಪ ಕಾನೂನು ಓದಲು ಹೊರಟಾಗ ಅವನಿಗೆ ಐವತ್ತನಾಲ್ಕು ವರ್ಷ. ತಮ್ಮನ ಮೇಲೆ ದಾವೆ ಹೂಡಿ, ಮೂವರು ವಕೀಲರನ್ನು ಬದಲಾಯಿಸಿ, ಮೂವರೂ ದಡ್ಡರೆಂದು ತೀರ್ಮಾನಿಸಿದ ಮೇಲೆ, ಊರಿನಲ್ಲಿ ಉಳಿದ ಬುದ್ಧಿವಂತ ತಾನೊಬ್ಬನೇ ಎಂಬುದು ಅವನಿಗೆ ಖಾತ್ರಿಯಾಯಿತು. ಹರೆಯದಲ್ಲಿ ಹೇಗೋ ಮುಗಿಸಿದ್ದ ಬಿ.ಎ. ಪದವಿಯ ಪ್ರಮಾಣಪತ್ರವನ್ನು ಟ್ರಂಕಿನಿಂದ ತೆಗೆದು ಧೂಳು ಕೊಡವಿ, ಜಮಖಂಡಿಯ ಕಾಲೇಜೊಂದರಲ್ಲಿ ಮೂರು ವರ್ಷದ ಎಲ್‌ಎಲ್.ಬಿ.ಗೆ ಹೆಸರು ಹಚ್ಚಿದ. ಮಗ್ಗಗಳನ್ನು ಮಗ ನೋಡಿಕೊಳ್ಳುತ್ತಿದ್ದ. ಅಪ್ಪ ಬೆಳಗ್ಗೆ ಬಸ್ಸು ಹತ್ತಿ ಹೋಗುವುದು ಮಗನಿಗೂ ಹಿತವಾಗಿಯೇ ಇತ್ತು.

ದಾವೆ ನಡೆದದ್ದು ಒಂದು ಸಂದಿಗಾಗಿ. ತಂದೆ ತೀರಿಕೊಂಡ ಮೇಲೆ ಮನೆ ಪಾಲಾದಾಗ ಮುಂದಿನ ಮನೆ ಅಣ್ಣನಿಗೆ, ಹಿಂದಿನ ಮಗ್ಗದ ಶೆಡ್ಡು ತಮ್ಮ ಗುರುಪಾದನಿಗೆ ಬಂತು. ಬೀದಿಯಿಂದ ಆ ಶೆಡ್ಡಿಗೆ ಹೋಗುವ ಸಂದಿ ಅಣ್ಣನ ಮನೆಯ ಗೋಡೆಗುಂಟ ಇತ್ತು. ಕಾಗದದಲ್ಲಿ ಅದು ಅಣ್ಣನ ಪಾಲು. ಆದರೆ ಗುರುಪಾದನ ಸೀರೆಯ ಮಗ್ಗಗಳಿಗೆ ಬೇಕಾದ ಬೀಮುಗಳು, ಅಂದರೆ ಹಾಸಿನ ನೂಲು ಸುತ್ತಿದ ಆಳುದ್ದದ ಭಾರಿ ಉರುಳೆಗಳು, ಆಳುಗಳ ಹೆಗಲ ಮೇಲೆ ಅದೇ ಸಂದಿಯಿಂದ ಬರುತ್ತಿದ್ದವು. ಶೆಡ್ಡಿಗೆ ಗಟಾರದ ಕಡೆಗೊಂದು ಹಿಂಬಾಗಿಲಿತ್ತು. ಅಲ್ಲಿ ಮನುಷ್ಯ ನುಸುಳಬಹುದು, ಬೀಮು ಹೊರಳುವುದಿಲ್ಲ.

ಒಂದು ದಿನ ಬೀಮಿನ ಕಬ್ಬಿಣದ ತುದಿ ತಾಗಿ ಚನಮಲ್ಲಪ್ಪ ಹೊಸದಾಗಿ ಗೋಡೆಗೆ ಹಚ್ಚಿಸಿದ್ದ ಹೊಳಪಿನ ಫರಸಿಯ ಬಿಲ್ಲೆಯೊಂದು ಒಡೆಯಿತು.

"ಹೋಗ್ಲಿ ಬಿಡೋ ಅಣ್ಣಾ, ನಾಳೆ ಹೊಸಾದು ಹಚ್ಚಸ್ತೀನಿ" ಎಂದ ಗುರುಪಾದ.

ಅಣ್ಣ ಫರಸಿಯ ಅಂಗಡಿಗೆ ಹೋಗದೆ ಬನಹಟ್ಟಿ ಕೋರ್ಟಿಗೆ ಹೋದ. ಸಂದಿ ನನ್ನದು, ಇವನು ಇಲ್ಲಿ ಕಾಲಿಡಬಾರದು ಎಂಬುದು ದಾವೆ. ಅಣ್ಣ ಗೆದ್ದರೆ ತಮ್ಮನ ಮಗ್ಗಗಳಿಗೆ ನೂಲು ಮುಟ್ಟುವುದಿಲ್ಲ. ಮಗ್ಗ ನಿಂತರೆ ಶೆಡ್ಡು ಮಾರಬೇಕು. ಹಾದಿಯಿಲ್ಲದ ಶೆಡ್ಡನ್ನು ಅಣ್ಣನ ಹೊರತು ಬೇರೆ ಯಾರು ಕೊಳ್ಳುತ್ತಾರೆ? ಇದನ್ನು ಓಣಿಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ತಿಳಿಯದವರೂ ಯಾರೂ ಇರಲಿಲ್ಲ.

ಕಾಲೇಜಿನಲ್ಲಿ ಚನಮಲ್ಲಪ್ಪ ಮೊದಲ ಬೆಂಚಿನಲ್ಲಿ ಕೂತ. ಹುಡುಗರು ಅವನನ್ನು ಕಾಕಾ ಎಂದು ಕರೆಯುತ್ತಿದ್ದರು. ಪರೀಕ್ಷೆಯ ಮುಂದೆ ಮಾತ್ರ ಮರ್ಯಾದೆ ಹಚ್ಚಿ ಕಾಕಾರ ಎನ್ನುತ್ತಿದ್ದರು. ಸಂವಿಧಾನವನ್ನಾಗಲಿ ದಂಡಸಂಹಿತೆಯನ್ನಾಗಲಿ ಅವನು ಕಣ್ಣೆತ್ತಿ ನೋಡಲಿಲ್ಲ. ದೇಶದ ಕಾನೂನೆಲ್ಲ ತನ್ನ ಗೋಡೆಗೆ ಎಷ್ಟು ಸಂಬಂಧಪಟ್ಟಿದೆಯೋ ಅಷ್ಟೇ ಅವನಿಗೆ ಬೇಕಾಗಿತ್ತು. ಪ್ರಾಯೋಗಿಕ ತರಬೇತಿ ಎಂದು ಕಾಲೇಜಿನವರು ವಿದ್ಯಾರ್ಥಿಗಳನ್ನು ವಕೀಲರ ಕಚೇರಿಗಳಿಗೆ ಅಟ್ಟಿದಾಗ ಉಳಿದವರು ಅಲ್ಲಿ ಝೆರಾಕ್ಸ್ ಮಾಡಿಸಿ, ಚಹಾ ತಂದು, ಸಹಿ ಹಾಕಿಸಿಕೊಂಡು ಬಂದರು. ನ್ಯಾಯಶಾಸ್ತ್ರದ ಅಭ್ಯಾಸ ನಮ್ಮಲ್ಲಿ ಈ ಮಟ್ಟದಲ್ಲಿ ನಡೆದಿದೆ. ಚನಮಲ್ಲಪ್ಪ ಚಹಾ ತರಲಿಲ್ಲ. ತನಗೆ ಕೆಲಸ ಕಲಿಸಬೇಕಾದ ವಕೀಲನ ತಪ್ಪುಗಳನ್ನು ಕಕ್ಷಿದಾರರ ಎದುರಿಗೇ ಎತ್ತಿ ತೋರಿಸಿದ. ಆ ವಕೀಲ ಬೇಗ ಸಹಿ ಹಾಕಿ ಕಳಿಸಿಕೊಟ್ಟ.

ಎರಡನೆಯ ವರ್ಷದಲ್ಲಿ ಅವನಿಗೊಂದು ನಿಧಿ ಸಿಕ್ಕಿತು. ತಮ್ಮನ ವಕೀಲ ಸುಭಾಷ್ ಕೋರ್ಟಿಗೆ ಕೊಟ್ಟ ಉತ್ತರದಲ್ಲಿ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸಂದಿಯನ್ನು ಬಳಸಿದ್ದರಿಂದ ಗುರುಪಾದನಿಗೆ ಹಕ್ಕು ಬಂದಿದೆ ಎಂದು ಬರೆದಿದ್ದ. ಮನೆ ಪಾಲಾಗಿ ಹನ್ನೊಂದೇ ವರ್ಷ. ಅದಕ್ಕೂ ಮುಂಚೆ ಎಲ್ಲವೂ ಒಂದೇ ಮನೆ. ತನ್ನ ಮನೆಯ ಮೇಲೆ ತನಗೇ ದಾರಿಯ ಹಕ್ಕು ಹುಟ್ಟುವುದು ಹೇಗೆ? ಆ ವಾದ ನಿಲ್ಲುವುದಿಲ್ಲ. ನಿಲ್ಲುವ ವಾದ ಬೇರೆಯೇ ಇತ್ತು. ಒಂದು ಆಸ್ತಿ ಪಾಲಾದಾಗ ಒಂದು ಪಾಲಿಗೆ ಬೇರೆ ದಾರಿಯೇ ಇಲ್ಲದಿದ್ದರೆ, ಇನ್ನೊಂದು ಪಾಲಿನ ಮೂಲಕ ಹೋಗುವ ಹಕ್ಕು ಪಾಲಾದ ದಿನವೇ ಹುಟ್ಟುತ್ತದೆ. ಅದಕ್ಕೆ ವರ್ಷಗಳ ಲೆಕ್ಕ ಬೇಕಿಲ್ಲ. ಇದು ಸುಭಾಷನಿಗೆ ಹೊಳೆದಿರಲಿಲ್ಲ. ಚನಮಲ್ಲಪ್ಪ ಅಂದು ಬಸ್ಸಿನಲ್ಲಿ ಒಬ್ಬನೇ ನಗುತ್ತ ಊರಿಗೆ ಬಂದ.

ಊಟಕ್ಕೆ ಕೂತಾಗ ಹೆಂಡತಿ ಮಹಾದೇವಿಗೆ ಎಲ್ಲವನ್ನೂ ವಿವರಿಸಿದ.

"ಅಂದ್ರ ಬೀಮು ಒಯ್ಯಾಕ ಗುರುಪಾದಗ ಹಕ್ಕು ಐತಿ ಅಂತ ನಿಮಗ ತಿಳೀತು" ಎಂದಳು ಅವಳು.

"ಐತಿ. ಆದ್ರ ಅವನ ವಕೀಲಗ ಗೊತ್ತಿಲ್ಲ. ಕೋರ್ಟಿನ್ಯಾಗ ಕೇಳದ ಹಕ್ಕು ಇದ್ದೂ ಇಲ್ಲದ್ಹಂಗ."

"ಇದನ್ನ ಕಲಿಯಾಕ ಜಮಖಂಡಿ ತನಕ ಹೋಗಬೇಕಾಗಿತ್ತೇನ್ರಿ? ಸಂತ್ಯಾಗ ಕಳ್ಳ ತಕ್ಕಡಿ ಹಿಡಿದಾಕಿ ಕಲಿಸತಿದ್ಲು."

"ನಿನಗ ಕಾಯ್ದೆ ತಿಳಿಯಂಗಿಲ್ಲ, ರೊಟ್ಟಿ ಹಾಕು."

ಅವಳು ರೊಟ್ಟಿ ಹಾಕಿದಳು. ಅವಳೂ ಹಾದಿ ಬಿಡು ಎಂದು ಹಟ ಹಿಡಿದವಳಲ್ಲ. ಶೆಡ್ಡು ಬಂದರೆ ಮಗನಿಗೆ ಆಗುತ್ತದೆ ಎಂಬ ಲೆಕ್ಕ ಅವಳಿಗೂ ಇತ್ತು.

ಕೊನೆಯ ವರ್ಷದಲ್ಲಿ ಅಣಕು ನ್ಯಾಯಾಲಯ ಬಂತು. ವಿದ್ಯಾರ್ಥಿಗಳು ಕಟ್ಟುಕತೆಯ ಮೊಕದ್ದಮೆಯೊಂದನ್ನು ಎರಡು ಪಕ್ಷವಾಗಿ ವಾದಿಸಬೇಕು, ಹೊರಗಿನವರೊಬ್ಬರು ನ್ಯಾಯಾಧೀಶರಾಗಿ ಕೂರಬೇಕು, ಗೆದ್ದವರಿಗೆ ಬಹುಮಾನವಾಗಿ ಒಂದು ಕಪ್ಪು. ಪ್ರತಿ ವರ್ಷ ಒಂದೇ ಮೊಕದ್ದಮೆ ಕೇಳಿ ಬೇಸತ್ತಿದ್ದ ಅಧ್ಯಾಪಕಿ ವಂದನಾ, "ಈ ಸಲ ನೀವ ಹೊಸಾ ಸಮಸ್ಯಾ ಬರಕೊಂಡು ಬರ್ರಿ. ಖರೆ ಕೇಸು ಮಾತ್ರ ತರಬ್ಯಾಡ್ರಿ" ಎಂದರು. ಚನಮಲ್ಲಪ್ಪ ತನ್ನ ಖರೆ ಕೇಸನ್ನೇ ತಂದ. ರಾಮಪ್ಪ, ಭೀಮಪ್ಪ ಎಂದು ಹೆಸರು ಬದಲಿಸಿ, ಒಡೆದ ಫರಸಿಯ ಸಂಗತಿಯನ್ನು ಬಿಟ್ಟು, ಉಳಿದದ್ದನ್ನೆಲ್ಲ ಟೈಪು ಮಾಡಿಸಿ ಕೊಟ್ಟ. ಅಣ್ಣನ ಪರ ತಾನೇ ನಿಂತು, ಕೋರ್ಟಿನಲ್ಲಿ ಆಡಬೇಕಾದ್ದನ್ನು ಪುಕ್ಕಟೆ ತಾಲೀಮು ಮಾಡಿಕೊಳ್ಳುವ ಯೋಜನೆ. ಮೇಡಂ ಅದನ್ನೇ ಆರಿಸಿದರು.

ಆದರೆ ಪಕ್ಷಗಳನ್ನು ಚೀಟಿ ಎತ್ತಿ ಹಂಚುವ ಪದ್ಧತಿ. ಅಣ್ಣನ ಪರ ತೇರದಾಳದ ಉಜ್ವಲಾ ಎಂಬ ಹುಡುಗಿಗೆ ಬಂತು. ಚನಮಲ್ಲಪ್ಪನ ಪಾಲಿಗೆ ತಮ್ಮ ಬಂದ.

"ಮೇಡಂ, ನನಗ ಅಣ್ಣನ ಕಡೆ ಕೊಡ್ರಿ."

"ಯಾಕ್ರಿ ಕಾಕಾರ? ನೀವ ಬರದ ಸಮಸ್ಯಾ, ಯಾ ಕಡೆ ಬಂದ್ರ ಏನಾತು? ನಾಳೆ ಕಕ್ಷಿದಾರ ಬಂದಾಗ, ನನಗ ಅಣ್ಣ ಬೇಕು ತಮ್ಮ ಬ್ಯಾಡ ಅಂತೀರೇನು?"

ಹುಡುಗರು ನಕ್ಕರು. ಚನಮಲ್ಲಪ್ಪ ಚೀಟಿ ಮಡಚಿ ಕಿಸೆಗೆ ಹಾಕಿಕೊಂಡ. ನಿವೃತ್ತ ನ್ಯಾಯಾಧೀಶರೊಬ್ಬರು ಬರುವವರಿದ್ದರು. ಪರಸ್ಥಳದ ಮುದುಕ, ಅವನೆದುರು ಏನು ವಾದಿಸಿದರೂ ಬನಹಟ್ಟಿಗೆ ಕೇಳಿಸುವುದಿಲ್ಲ ಎಂದುಕೊಂಡು ವಾದ ಸಿದ್ಧಮಾಡಿದ. ಸಿದ್ಧಮಾಡುತ್ತ ಮಾಡುತ್ತ ಅದರ ಮೇಲೆ ಅವನಿಗೆ ಮೋಹ ಹುಟ್ಟಿತು. ಇಷ್ಟು ಒಳ್ಳೆಯ ವಾದ ಅವನ ಸ್ವಂತ ಮೊಕದ್ದಮೆಗೆ ಎಂದೂ ದೊರೆತಿರಲಿಲ್ಲ.

ಅಣಕು ನ್ಯಾಯಾಲಯದ ದಿನ ನಿವೃತ್ತ ನ್ಯಾಯಾಧೀಶರಿಗೆ ಜ್ವರ ಬಂತು. ಅವರ ಬದಲಿಗೆ ಕರಿಕೋಟು ತೊಟ್ಟು ಸಭಾಗೃಹಕ್ಕೆ ಬಂದವನು ಸುಭಾಷ್ ವಕೀಲ.

"ಓಹೋ ಯಜಮಾನ್ರ! ನೀವೂ ಓದಾಕತ್ತೀರೇನು? ಛಲೋ ಆತು. ಇನ್ನ ನಮ್ಮ ಹೊಟ್ಟಿ ಮ್ಯಾಲ ತಣ್ಣೀರ ಬಟ್ಟಿ" ಎಂದು ನಕ್ಕ.

ಚನಮಲ್ಲಪ್ಪ ಕೂತಲ್ಲೇ ಲೆಕ್ಕ ಹಾಕಿದ. ಇವನು ಬೇಡ ಎನ್ನಬೇಕಾದರೆ, ಇದು ನನ್ನ ಖರೆ ಕೇಸು ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು. ಒಳ್ಳೆಯ ವಾದ ಮಾಡಿದರೆ ಸಂದಿ ಹೋಗುತ್ತದೆ. ಉಳಿದದ್ದು ಒಂದೇ ದಾರಿ: ಬೇಕೆಂತಲೇ ಸೋಲುವುದು. ಸುಭಾಷ್ ಸಮಸ್ಯೆಯ ಹಾಳೆಯನ್ನು ಓದದೆ ಮಡಚಿ ಗಾಳಿ ಬೀಸಿಕೊಳ್ಳುವುದನ್ನು ಕಂಡು ಅವನಿಗೆ ತುಸು ಧೈರ್ಯ ಬಂತು.

ಮೊದಲ ಸುತ್ತಿನಲ್ಲಿ ಎದ್ದು ನಿಂತು, ತಮ್ಮ ಇಪ್ಪತ್ತು ವರ್ಷದಿಂದ ದಾರಿ ಬಳಸಿದ್ದಾನೆ, ಆದ್ದರಿಂದ ಹಕ್ಕು ಬಂದಿದೆ ಎಂದು ಸತ್ತ ದನಿಯಲ್ಲಿ ಹೇಳಿ ಕೂತ.

"ಭೇಷ್. ಛಲೋ ಪಾಯಿಂಟ್ ಹಿಡದೀರಿ" ಎಂದ ಸುಭಾಷ್. ಅದು ಅವನದೇ ಪಾಯಿಂಟಾಗಿತ್ತು.

ಉಜ್ವಲಾ ಎದ್ದಳು. ಇಪ್ಪತ್ಮೂರರ ಹುಡುಗಿ, ಸಮಸ್ಯೆಯ ಹಾಳೆಯನ್ನು ಓದಿಕೊಂಡು ಬಂದಿದ್ದಳು. ಆ ಸಭೆಯಲ್ಲಿ ಅದೇ ಒಂದು ವಿಶೇಷ.

"ಸ್ವಾಮಿ, ಮನಿ ಪಾಲಾಗಿ ಹನ್ನೊಂದು ವರ್ಷ. ಹನ್ನೊಂದರಾಗ ಇಪ್ಪತ್ತು ಹೆಂಗ ಹಿಡೀತಾವು? ನನ್ನ ವಿದ್ವಾಂಸ ಮಿತ್ರರು ಲೆಕ್ಕದಾಗ ಸ್ವಲ್ಪ ಹಿಂದ ಅದಾರ. ಅಣ್ಣ ಕರುಣಾದಿಂದ ಹಾದಿ ಬಿಟ್ಟಿದ್ದ, ಈಗ ಬ್ಯಾಡ ಅಂತಾನ. ಅಷ್ಟ."

ಸಭೆ ಗೊಳ್ಳೆಂದಿತು. ಹಿಂದಿನ ಸಾಲಿನಿಂದ ಯಾವನೋ ಕೂಗಿದ: "ಕಾಕಾ, ಮನಿಗೆ ನಡೀರಿ, ಮಗ್ಗ ಕಾಯಾಕತ್ತಾವು!" ವಂದನಾ ಮೇಡಂ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಹುಡುಗಿ ಆಡಿದ್ದೆಲ್ಲ ಅವನು ಕೋರ್ಟಿಗೆ ಬರೆದುಕೊಟ್ಟ ಮಾತೇ. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಪೊಳ್ಳೆಂದು ಅವನಿಗೆ ಕಾಣಿಸಿತು. ಇಂಥ ಪೊಳ್ಳಿಗೆ ತಾನು ಸೋಲುವುದೇ? ತನ್ನ ಕೈಯಲ್ಲಿ ಕೊಡಲಿ ಇರುವಾಗ? ಸಂದಿ ಎಲ್ಲಿಯೋ ಬನಹಟ್ಟಿಯಲ್ಲಿತ್ತು. ನಗು ಇಲ್ಲಿ, ಕಿವಿಯ ಹತ್ತಿರ ಇತ್ತು.

ಎದ್ದ.

"ಸ್ವಾಮಿ, ಇಪ್ಪತ್ತು ವರ್ಷದ ಮಾತನ್ನ ನಾನು ಕೈಬಿಡತೀನಿ. ಅದು ದಡ್ಡರ ವಾದ."

ಬೀಸುತ್ತಿದ್ದ ಹಾಳೆ ನಿಂತಿತು.

"ಒಂದ ಮನಿ ಎರಡಾದ ದಿನ ಹುಟ್ಟಿದ ಹಾದಿ ಇದು. ಹಿಂದಿನ ಬಾಗಲದಾಗ ಬೀಮು ಹೊಳ್ಳಂಗಿಲ್ಲ. ಬೇರೆ ಹಾದಿ ಇಲ್ಲ. ಬೀಮು ಹೋಗಲಿಲ್ಲಂದ್ರ ತಮ್ಮಗ ಬಂದದ್ದು ಶೆಡ್ಡಲ್ಲ ಸ್ವಾಮಿ, ಗೋರಿ. ಇಲ್ಲಿ ವರ್ಷ ಎಣಿಸೂದು ಬೇಕಾಗಿಲ್ಲ. ಇನ್ನ ಕರುಣಾದ ಮಾತು. ಅಣ್ಣಗ ಕರುಣಾ ಇತ್ತಂದ್ರ ಒಂದು ಫರಸಿ ಒಡದದ್ದಕ್ಕ ತಮ್ಮನ್ನ ಕೋರ್ಟಿಗೆ ಎಳೀತಿದ್ನೇನ್ರಿ?"

ಚಪ್ಪಾಳೆ ಬಿತ್ತು. ಉಜ್ವಲಾ ಹಾಳೆಯನ್ನು ತಿರುವಿ ಮುರುವಿ, "ಫರಸಿ ಎಲ್ಲಿ ಐತ್ರಿ ಇದರಾಗ?" ಎಂದಳು. ಯಾರಿಗೂ ಕೇಳಿಸಲಿಲ್ಲ. ಸುಭಾಷನಿಗೆ ಕೇಳಿಸಿತು. ಅವನು ಹಾಳೆಯನ್ನು ಬಿಡಿಸಿ, ಮೊದಲ ಸಲ ಓದಿದ. ಓದಿ ಚನಮಲ್ಲಪ್ಪನನ್ನು ದಿಟ್ಟಿಸಿ ನೋಡಿದ. ಆಮೇಲೆ ಪೆನ್ನು ತೆಗೆದು ಬಹಳ ವಿನಯದಿಂದ ಕೇಳಿದ:

"ಯಾವ ಕಲಂ ಅಂದ್ರಿ, ಯಜಮಾನ್ರ?"

ಆ ಗಳಿಗೆಯಲ್ಲೂ ಅವನು ಮರೆತೆ ಎನ್ನಬಹುದಿತ್ತು. ಕಲಂ ಮರೆತರೆ ಒಂದೆರಡು ಅಂಕ ಹೋಗುತ್ತಿದ್ದವು, ಅಷ್ಟೇ.

"ಹದಿಮೂರು" ಎಂದ ಚನಮಲ್ಲಪ್ಪ. "ಬರಕೊಳ್ರಿ."

ಕಪ್ಪು ಅವನಿಗೇ ಬಂತು. ಅದನ್ನು ಕೊಟ್ಟವನು ಸುಭಾಷ್, ಎರಡೂ ಕೈಯಿಂದ ಕೊಟ್ಟ. ಹುಡುಗರು ಫೋಟೋ ತೆಗೆದು ಮೊಬೈಲುಗಳಿಗೆ ಹರಿಬಿಟ್ಟರು.

ಮುಂದಿನ ತಾರೀಖಿಗೆ ಬನಹಟ್ಟಿ ಕೋರ್ಟಿನಲ್ಲಿ ಸುಭಾಷ್ ತನ್ನ ಉತ್ತರವನ್ನು ತಿದ್ದಲು ಅರ್ಜಿ ಕೊಟ್ಟ. ಗೋರಿಯ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಅದರಲ್ಲಿತ್ತು. ಓದು ಮುಗಿಯುವ ತನಕ ಇರಲಿ ಎಂದು ಚನಮಲ್ಲಪ್ಪ ಇಟ್ಟುಕೊಂಡಿದ್ದ ನಾಲ್ಕನೆಯ ವಕೀಲ ಹಿಂದಕ್ಕೆ ಬಾಗಿ, "ಇದಕ್ಕ ಏನ ಹೇಳೂದ್ರಿ? ನೀವ ಓದೀರಲ್ಲ, ಒಂದ ಉತ್ತರ ಹೇಳ್ರಿ" ಎಂದು ಪಿಸುಗುಟ್ಟಿದ. ಅರ್ಜಿ ಮಂಜೂರಾಯಿತು. ಕೋರ್ಟಿನ ಕಡೆಯಿಂದ ಒಬ್ಬರು ಬಂದು ಹಿಂಬಾಗಿಲಿನ ಎದುರು ಬೀಮು ಹಿಡಿಸಿ ನೋಡಿದರು. ಅದು ಹೊರಳಲಿಲ್ಲ. ದಾವೆ ವಜಾ ಆಯಿತು. ತಮ್ಮನಿಗೆ ಸಂದಿಯ ದಾರಿ ಉಂಟು ಎಂದು ತೀರ್ಪಾಯಿತು.

ತೀರ್ಪಿನ ಮರುದಿನ ಗುರುಪಾದನ ಬೀಮುಗಳು ಬಂದವು. ಚನಮಲ್ಲಪ್ಪ ಸಂದಿಯ ಬಾಯಲ್ಲಿ ನಿಂತಿದ್ದ. ಗುರುಪಾದ ಗೆದ್ದ ಗರ್ವ ತೋರಿಸಲಿಲ್ಲ, ಸಮಾಧಾನಕ್ಕೆಂದು ಏನೋ ಒಂದು ಮಾತಾಡಿದ:

"ಏನ ಅನ್ನು ಅಣ್ಣಾ, ಸುಭಾಷ್ ವಕೀಲ್ರು ಭಾಳ ಶಾಣ್ಯಾ. ಎಂಥಾ ವಾದ ತಂದ್ರು ನೋಡು."

ಸಂದಿ ಹೋದದ್ದನ್ನು ಚನಮಲ್ಲಪ್ಪ ಅಲ್ಲಿಯವರೆಗೆ ಹಲ್ಲು ಕಚ್ಚಿ ತಾಳಿಕೊಂಡಿದ್ದ. ಇದನ್ನು ತಾಳಲಿಲ್ಲ.

"ಅವನೇನು ತಂದ? ಅವನಪ್ಪಗ ಗೊತ್ತಿತ್ತೇನಲೇ ಅದು? ನಂದು! ಆ ವಾದ ನಂದು!"

"ನಿಂದಾ?" ಗುರುಪಾದ ಅಣ್ಣನ ಮುಖವನ್ನೇ ನೋಡಿದ. "ಹಂಗಾರ ನೀ ಯಾರ ಮ್ಯಾಲ ದಾವಾ ಹಾಕಿದ್ದಿ?"

"ಅದು ಬ್ಯಾರೆ. ನೀ ಮೊದಲ ಇಲ್ಲಿ ಕೇಳು. ಅವ ಇಪ್ಪತ್ತು ವರ್ಷ ಅಂತ ಬರದಿದ್ದ, ದಡ್ಡ. ಕಲಂ ಹದಿಮೂರು ಏನ ಹೇಳತೈತಿ ಅಂದ್ರ..."

ಅವನು ಬೆರಳು ಮಡಚುತ್ತ, ಒಂದೊಂದಾಗಿ, ತನ್ನ ಮನೆಯ ಗೋಡೆಗುಂಟ ತಮ್ಮನಿಗೆ ಹಾದಿ ಹೇಗೆ ಹುಟ್ಟಿತು ಎಂಬುದನ್ನು ತಮ್ಮನಿಗೆ ವಿವರಿಸತೊಡಗಿದ. ಆಳುಗಳು ಬೀಮು ಹೊತ್ತು ನಿಂತೇ ಇದ್ದರು. ಕೊನೆಗೆ ಮುಂದಿನವನು ಗೊಣಗಿದ:

"ಮಾಲಕರ, ಆಮ್ಯಾಲ ಹೇಳಿಕೊಳ್ರಿ. ಹೆಗಲು ಹರದು ಹೋಗಾಕತ್ತೈತಿ, ಸರೀರಿ ಆ ಕಡೆ."

ಚನಮಲ್ಲಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತ. ಬೀಮು ಅವನ ಮೂಗಿನ ಮುಂದೆಯೇ ಹಾದು ಒಳಗೆ ಹೋಯಿತು. ಅವನು ಮಾತು ನಿಲ್ಲಿಸಲಿಲ್ಲ.