ಅತ್ತೆ ಯಾವುದಕ್ಕೆ ಹೂಂ ಅಂದಳು

ಅಥವಾ ಅದು ಬಾಗಲಕೋಟೆಯ ದವಾಖಾನೆಯೇ ಅಲ್ಲದಿರಬಹುದು, ಹುನಗುಂದದ್ದಿರಬಹುದು. ನೆನಪಿನಲ್ಲಿ ಕಿಟಕಿಯ ಹೊರಗೆ ಬೇವಿನ ಮರವಿದೆ. ಆದರೆ ನನ್ನ ನೆನಪಿನ ಎಲ್ಲ ಕಿಟಕಿಗಳ ಹೊರಗೂ ಒಂದು ಬೇವಿನ ಮರವಿರುವುದರಿಂದ ಅದನ್ನು ಸಾಕ್ಷಿಗೆ ಹಿಡಿಯಲಾರೆ. ಮಂಚದ ಮೇಲೆ ದಕ್ಷಿಣ ಆಫ್ರಿಕಾದ ಒಬ್ಬ ಹೆಂಗಸು ಜ್ವರದಲ್ಲಿ ಏನನ್ನೋ ಕೇಳುತ್ತಿದ್ದಳು, ನಮ್ಮ ಅತ್ತೆ ಅವಳ ಕೈ ಹಿಡಿದು ಕೂತಿದ್ದಳು. ಇಷ್ಟು ಮಾತ್ರ ಖರೆ.

ಬಂದವರು ಇಬ್ಬರು. ಗೆಳತಿಯರು, ಒಂದೇ ಸಾಲೆಯಲ್ಲಿ ಕಲಿಸುವವರು. ಬಾದಾಮಿ, ಪಟ್ಟದಕಲ್ಲು ಮುಗಿಸಿ, ಸೀರೆ ನೇಯುವುದನ್ನು ನೋಡಲು ಇಳಕಲ್ಲಿಗೆ ಬಂದು ನಮ್ಮ ಮನೆಯ ಮಗ್ಗದ ಮುಂದೆ ಕೂತರು. ಇಸವಿ ಎರಡು ಸಾವಿರದ ಆಚೆಯೋ ಈಚೆಯೋ. ಕಾಲೇಜಿನಲ್ಲಿ ಕಲಿತ ಅಷ್ಟಿಷ್ಟು ಇಂಗ್ಲಿಷ್ ಇದ್ದ ನಾನೇ ದುಭಾಷಿ. ಬಿಳಿಯಳ ಮನೆಮಾತು ಆಫ್ರಿಕಾನ್ಸ್, ಕಪ್ಪಗಿದ್ದವಳದು ಖೋಸಾ. ತಮ್ಮಿಬ್ಬರ ನಡುವೆ ಇಂಗ್ಲಿಷ್. ಕಲಿಸುವವರು ಅಂದ ಮೇಲೆ ಅತ್ತೆಗೆ ಇಬ್ಬರೂ ಅಕ್ಕೋರು.

ಸೆರಗಿನ ಎಳೆಗಳನ್ನು ಸೀರೆಯ ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದ ಅತ್ತೆ ತಲೆ ಎತ್ತದೆ ಕೇಳಿದಳು, "ಅಕ್ಕೋರ, ನಿಮ್ಮ ಮಾತಿನ್ಯಾಗ ನೀರಿಗೆ ಏನಂತೀರಿ?"

"ವಾತರ್," ಅಂದಳು ಬಿಳಿಯಳು.

"ಅದು ಇಂಗ್ಲೀಷ್ ಆತಲ್ರಿ! ಮೋಸ ಮಾಡಬ್ಯಾಡ್ರಿ."

"ಅಮಾಂಝಿ," ಅಂದಳು ಇನ್ನೊಬ್ಬಳು.

"ಹಾಂ, ಇದು ಬ್ಯಾರೆ ಮಾತು."

ಬಿಳಿಯಳು ಸೋಲೊಪ್ಪದೆ, ಒಳ್ಳೆಯದು ಅನ್ನಲು ಗಂಟಲಿನಿಂದ ಕೆರೆದು 'ಖುತ್' ಅಂದಳು. ನೂಲಿಗೆ ಬಣ್ಣ ಹಾಕುವ, ಮನೆಯಲ್ಲಿ ಉರ್ದು ಆಡುವ ಪಕ್ಕದ ಮನೆಯ ಚಾಚಾ ಹಿಗ್ಗಿ, "ಇದು ನಮ್ಮ ಮನಿ ಖ ಐತ್ರಿ," ಅಂದರು.

"ಹೌದ್ಹೌದು, ಊರಾಗ ನಿಮಗಷ್ಟ ಗಂಟಲಾ ಐತಿ. ನಮಗೆಲ್ಲಿ ಬರಬೇಕು!" ಅಂದಳು ಅತ್ತೆ.

ಆ ಸಂಜೆ ಅವರು ಹೇಳಿದ್ದರಲ್ಲಿ ಉಳಿದದ್ದು ಕಡಿಮೆ. ಆಫ್ರಿಕಾನ್ಸ್‌ನಲ್ಲಿ ನಾನು ಬಂದರೂ ನೀನು ಬಂದರೂ ಅವರು ಬಂದರೂ 'ಕೊಮ್' ಒಂದೇ. ಬಂದವರು ಯಾರೆಂದು ಕ್ರಿಯಾಪದಕ್ಕೆ ಗೊತ್ತಾಗುವುದೇ ಇಲ್ಲ. ನಮ್ಮಲ್ಲಿ ಮಾತಿನ ಬಾಲ ಬದಲಾದರೆ ಖೋಸಾದಲ್ಲಿ ತಲೆ ಬದಲಾಗುತ್ತದೆ: ಒಬ್ಬ ಮನುಷ್ಯ 'ಉಮ್‌ನ್ತು', ಬಹಳ ಮಂದಿಯಾದರೆ 'ಅಬಾಂತು'. ಆ ಭಾಷೆಯ ಹೆಸರಿನ ಮೊದಲ ಸದ್ದು ನಾಲಿಗೆಯ ಬದಿಯಿಂದ ಸಿಡಿಯುತ್ತದೆ. ಇನ್ನೊಂದು ಸದ್ದು ಹಲ್ಲಿನ ಹಿಂದಿನದು. ಎರಡೂ ನಮ್ಮ ಬಾಯಲ್ಲಿ ಇವೆ. ಒಂದನ್ನು ನಾವು ಎತ್ತು ಹೊಡೆಯುವುದಕ್ಕೆ ಇಟ್ಟಿದ್ದೇವೆ, ಇನ್ನೊಂದನ್ನು ಅಯ್ಯೋ ಪಾಪ ಅನ್ನುವುದಕ್ಕೆ. ಮಾತಿನೊಳಗೆ ಮಾತ್ರ ಬಿಟ್ಟುಕೊಂಡಿಲ್ಲ. ಇದನ್ನು ಹೇಳಿದಾಗ ಖೋಸಾದವಳು ಬಹಳ ನಕ್ಕಳು. ನಕ್ಕಳೆಂದು ಬರೆದೆ. ನಗುವಾಗಲೇ ಮೈ ಬಿಸಿಯಿತ್ತೋ ಏನೋ, ನಾವ್ಯಾರೂ ಮುಟ್ಟಿ ನೋಡಿರಲಿಲ್ಲ.

ಮರುದಿನ ಅವಳಿಗೆ ಏಳಲಾಗಲಿಲ್ಲ. ಜೀಪು ಮಾಡಿಕೊಂಡು ದವಾಖಾನೆಗೆ ಒಯ್ದೆವು. ದಾರಿಯಲ್ಲೆಲ್ಲೋ ಇಂಗ್ಲಿಷ್ ಅವಳನ್ನು ಬಿಟ್ಟು ಹೋಯಿತು. ಸಲೈನು ಹಚ್ಚಿ ಮಲಗಿಸಿದ ಮೇಲೆ ಒಂದೇ ಸಾಲನ್ನು ಮತ್ತೆ ಮತ್ತೆ ಅನ್ನತೊಡಗಿದಳು. ಪ್ರತಿ ಸಲ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಕಾಯುತ್ತಿದ್ದಳು.

"ಏನ್ ಕೇಳಾಕತ್ತಾರ್ರಿ ಅವರು?" ನರ್ಸಮ್ಮ ನನ್ನನ್ನು ಕೇಳಿದಳು. ನಾನು ಗೆಳತಿಯನ್ನು ಕೇಳಿದೆ. ಗೆಳತಿ ತಲೆಯಾಡಿಸಿದಳು, ಗೊತ್ತಿಲ್ಲವೆಂದು. ಈ ಬಿಳಿಯಳು ಬೆಳೆದದ್ದು ಹೊಲದ ನಡುವಿನ ಮನೆಯಲ್ಲಂತೆ. ಅಡುಗೆಮನೆಯಲ್ಲಿ ದುಡಿಯುತ್ತಿದ್ದವರ ಮಾತು ಖೋಸಾ. ಅದರಲ್ಲಿ ಅವಳಿಗೆ ಬಂದದ್ದು ಬಾ, ಬೇಗ ಬಾ, ಬಿಡು, ತೊಳೆ, ಇಷ್ಟೇ. "ಇವನ್ನು ಇವಳಿಗೆ ಹೇಗೆ ಹೇಳಲಿ?" ಅಂದಳು.

ಆಮೇಲೆ ಗೆಳತಿ ಆ ಸಾಲನ್ನು ಕಿವಿಗೊಟ್ಟು ಕೇಳಿ, ತುಟಿಯಲ್ಲೇ ಅನ್ನುತ್ತ, ಎದುರಿನ ಎಸ್‌ಟಿಡಿ ಅಂಗಡಿಗೆ ಓಡಿದಳು. ನಾನು ಹಿಂದೆ. ಕಾಯಿಲೆಯವಳ ಅಣ್ಣನ ಮನೆಯಲ್ಲಿ ಯಾರಾದರೂ ಫೋನ್ ಎತ್ತಿದರೆ ಹಾಗೆಯೇ ಒಪ್ಪಿಸಿ ಅರ್ಥ ಕೇಳಬೇಕೆಂದು ಅವಳ ಲೆಕ್ಕ. ಗಂಟೆ ಆಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ರಿಸೀವರು ಇಡುವ ಹೊತ್ತಿಗೆ ಅವಳ ಬಾಯಿಯಿಂದ ಆ ಸಾಲು ಅಳಿಸಿಹೋಗಿತ್ತು.

ತಿರುಗಿ ಬಂದರೆ ಕಾಯಿಲೆಯವಳು ಸುಮ್ಮನಾಗಿದ್ದಳು. ಅತ್ತೆ, "ಹೂಂ ಯವ್ವಾ, ಹೂಂ," ಅನ್ನುತ್ತ ತಲೆ ತೂಗುತ್ತಿದ್ದಳು. ಇವಳು ಅತ್ತೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದಳು. ಒಪ್ಪಂದ ಮುಗಿದವರ ಹಾಗೆ.

"ಹೂಂ ಅಂದರೆ ಏನು?" ಗೆಳತಿ ಕೇಳಿದಳು. ಆಗಲಿ ಅಂತ, ಅಂದೆ.

"ಏನಾಗಲಿ?"

ಅತ್ತೆಗೆ ಕನ್ನಡದಲ್ಲಿ ಕೇಳಿದೆ.

"ಜ್ವರದಾಗ ಮಾತಾಡೋರನ್ನ ಒಬ್ಬರನ್ನ ಬಿಡಬಾರದೋ. ಯಾರರ ಹೂಂಗುಡಬೇಕು. ನಿಮ್ಮ ಅಜ್ಜಗೂ ಹಂಗ ಮಾಡಿದ್ವಿ," ಅಂದಳು. ನಮ್ಮ ಮನೆಗಳಲ್ಲಿ ಅದು ಇದ್ದದ್ದೇ. ಅಜ್ಜ ಕನವರಿಸಿದ್ದು ಕನ್ನಡದಲ್ಲಿ ಎಂಬುದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ. ಗೆಳತಿಗೆ ಎಲ್ಲವನ್ನೂ ಇಂಗ್ಲಿಷಿಗೆ ಮಾಡಿದೆ. ಅವಳು ಕಾಯಿಲೆಯವಳನ್ನು ಎಬ್ಬಿಸಿ ಮತ್ತೊಮ್ಮೆ ಕೇಳಲು ಹೋದಳು, ನರ್ಸಮ್ಮ ತಡೆದಳು.

ಮಧ್ಯಾಹ್ನ ಆಂಬುಲೆನ್ಸು ಇಬ್ಬರನ್ನೂ ಹುಬ್ಬಳ್ಳಿಗೆ ಒಯ್ದಿತು. ಕೆಲವು ದಿನಗಳಾದ ಮೇಲೆ ಗೆಳತಿಗೆ ಬರೆದುಕೊಟ್ಟಿದ್ದ ಚಾಚಾನ ಮನೆಯ ನಂಬರಿಗೆ ಫೋನ್ ಬಂತು, ನಮ್ಮಲ್ಲಿ ಫೋನ್ ಇರಲಿಲ್ಲ. ನಾನು ಓಡಿ ಹೋಗುವುದರೊಳಗೆ ಕಟ್ಟಾಗಿತ್ತು. "ಇಂಗ್ಲೀಷ್‌ನ್ಯಾಗ ಭಾಳ ಮಾತಾಡಿದಳಪಾ, ನಾ ಹಲೋ ಹಲೋ ಅಂದೆ. ಅಳಾಕತ್ತಿದ್ದಳೋ ನಗಾಕತ್ತಿದ್ದಳೋ," ಅಂದರು ಚಾಚಾ. ಮತ್ತೆ ಫೋನ್ ಬರಲಿಲ್ಲ.

ಅತ್ತೆ ಇರುವ ತನಕ ಕೊಂಡಿ ಹಾಕುತ್ತಿದ್ದವಳು ನಡುವೆ ಕೈ ನಿಲ್ಲಿಸಿ ಕೇಳುತ್ತಿದ್ದಳು: "ನಾ ಯಾವುದಕ್ಕ ಹೂಂ ಅಂದೆ ಅಂತ ನಿನಗೇನರ ತಿಳೀತೇನೋ?" ಮುಂದೆ ನಾನು ಖೋಸಾದ ಕೆಲವು ಪದಗಳನ್ನು ಹುಡುಕಿ ಓದಿದ್ದೇನೆ. ಅದರಿಂದ ಇನ್ನೂ ಕೆಟ್ಟದಾಯಿತು. ಈಗ ಕಿವಿಯಲ್ಲಿರುವ ಸಾಲು ಅವಳದೋ, ಓದಿದ್ದರಿಂದ ನಾನೇ ಕೂಡಿಸಿದ್ದೋ ಬೇರ್ಪಡಿಸಲು ಬರುವುದಿಲ್ಲ. ಅವಳು ಏನು ಕೇಳಿದಳು, ನಾವು ಏನಕ್ಕೆ ಒಪ್ಪಿಕೊಂಡೆವು, ಅವಳು ಉಳಿದಳೋ ಇಲ್ಲವೋ, ಯಾವುದೂ ನನಗೆ ಗೊತ್ತಿಲ್ಲ.