ಅರ್ಧ ಶೇಂಗಾ ಹೋಳಿಗೆ

ಆ ಕಾಲದಲ್ಲಿ ತಪಸ್ಸುಕಾಲವೆಂದರೆ ನಿಜಕ್ಕೂ ತಪಸ್ಸೇ. ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನ ನಮ್ಮ ಬೋರ್ಡಿಂಗಿನಲ್ಲಿ ಬೆಲ್ಲದ ಡಬ್ಬಿಗೆ ಬೀಗ, ಹಾರ್ಮೋನಿಯಮ್ಮಿಗೆ ಮುಸುಕು, ನಮ್ಮ ಬಾಯಿಗೆ ಸೈಲೆನ್ಸ್. ಹೊರಗೆ ಲಿಂಗಸುಗೂರಿನ ಬಿಸಿಲಿಗೆ ಕಲ್ಲು ಕಾದಿರುತ್ತಿತ್ತು. ಒಳಗೆ ಉದ್ದನೆಯ ಡಾರ್ಮಿಟರಿ, ಕೈಗೆಟುಕದ ಎತ್ತರದಲ್ಲಿ ಸಣ್ಣ ಕಿಟಕಿಗಳು, ಹಸಿ ಸುಣ್ಣದ ವಾಸನೆ, ಆಗಾಗ ಗಾಳಿಯಲ್ಲಿ ತೇಲಿ ಬರುವ ಬೇವಿನ ಹೂವಿನ ಘಮ. ದೊಡ್ಡ ಗೇಟು ತಿಂಗಳಿಗೊಮ್ಮೆ, ವಿಸಿಟಿಂಗ್ ಸಂಡೇ ದಿನ ಮಾತ್ರ ನಮ್ಮವರಿಗಾಗಿ ತೆರೆಯುತ್ತಿತ್ತು. ಕಾನ್ವೆಂಟಿನಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಆ ಗೇಟು ಮತ್ತೆ ಮುಚ್ಚಿಕೊಳ್ಳುವ ಸದ್ದನ್ನು ಬಿಡಿಸಿ ಹೇಳಬೇಕಿಲ್ಲ.

ನನಗಾಗ ಹನ್ನೊಂದು ವರ್ಷ. ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿದ್ದ. ಆ ಸಲ ಬಂದಾಗ ಅವ್ವ ಒಂದು ಡಬ್ಬಿ ಶೇಂಗಾ ಹೋಳಿಗೆಯನ್ನು ನನ್ನ ಟ್ರಂಕಿನಲ್ಲಿ, ಲಂಗಗಳ ಕೆಳಗೆ ತುರುಕಿಟ್ಟಳು.

"ತಪಸ್ಸಿನ್ಯಾಗ ಸಿಹಿ ತಿನ್ನಬಾರದಲ್ಲಬೇ?" ಅಂದೆ.

"ಬೆಳೆಯೋ ಹುಡುಗಿ ನೀ. ದೇವ್ರು ಅಷ್ಟಕ್ಕ ಸಿಟ್ಟಾಗಂಗಿಲ್ಲ. ಸಿಸ್ಟರ್ ಸಿಟ್ಟಾಗ್ತಾರ, ಅವರಿಗೆ ತೋರಸಬ್ಯಾಡ."

ಟ್ರಂಕಿನ ಕೀಲಿಯನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ಅದು ಶಿಲುಬೆಯ ಪಕ್ಕದಲ್ಲೇ ಎದೆಗೆ ಒತ್ತುತ್ತಿತ್ತು.

ಡಬ್ಬಿಯ ಗುಟ್ಟು ಎರಡೇ ದಿನದಲ್ಲಿ ಬಯಲಾಯಿತು, ಅದೂ ಮರಿಯವ್ವನಿಗೆ. ನನ್ನ ಪಕ್ಕದ ಚಾಪೆಯವಳು ಅವಳು. ತುರ್ವಿಹಾಳದ ಕೂಲಿಯವರ ಮಗಳು, ಫೀಸಿಲ್ಲದೆ ಇದ್ದವಳು. ಅವಳಿಗೆ ಟ್ರಂಕಿರಲಿಲ್ಲ, ಹಿಟ್ಟಿನ ಚೀಲವಿತ್ತು. ಗಜ್ಜುಗ ಆಡುವಾಗ ನನ್ನ ಮುಖದ ಹತ್ತಿರ ಬಗ್ಗಿ ಮೂಸಿದಳು.

"ಏನ್ ಬೇ ಗ್ರೇಸಿ, ಪ್ರಾರ್ಥನಿ ಮಾಡಿ ಮಾಡಿ ನಿನ್ ಬಾಯಾಗ ಬೆಲ್ಲ ಹುಟ್ಟೇತೇನು?"

ನಗು ಬಂತು, ಹೆದರಿಕೆಯೂ ಆಯಿತು. ಅವಳ ಬಾಯಿ ಮುಚ್ಚಿಸಲು ಅರ್ಧ ಹೋಳಿಗೆ ಕೊಟ್ಟೆ. ಅವಳು ಅದನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿ, "ಆಮ್ಯಾಲ ತಿಂತೀನಿ" ಅಂದಳು.

ಅದೇ ವಾರ ಸ್ಕ್ರಿಪ್ಚರ್ ಕ್ಲಾಸಿಗೆ ಹೊಸ ಫಾದರ್ ಬಂದರು. ಮೈಸೂರಿನ ಕಡೆಯವರು, ಪುಸ್ತಕದಂಥ ಕನ್ನಡ, ಬೆತ್ತವಿಲ್ಲದ ಕೈ. ನಾವೆಲ್ಲ ಅವರನ್ನು ಕಣ್ಣುಮುಚ್ಚಿ ಮೆಚ್ಚಿದ್ದೆವು. ಆವತ್ತಿನ ಪಾಠ ಗುಡ್ಡದ ಮೇಲೆ ಐದು ರೊಟ್ಟಿ, ಎರಡು ಮೀನಿನಲ್ಲಿ ಐದು ಸಾವಿರ ಮಂದಿ ಉಂಡು, ಹನ್ನೆರಡು ಬುಟ್ಟಿ ಮಿಕ್ಕ ಕಥೆ.

"ಯೇಸುಸ್ವಾಮಿ ರೊಟ್ಟಿಯನ್ನು ಮಾಯದಿಂದ ಹೆಚ್ಚಿಸಿದರೆಂದು ನೀವು ನಂಬಿದ್ದೀರಿ, ಅಲ್ಲವೆ?" ಎಂದರು. "ಯೋಚಿಸಿ. ಅಷ್ಟು ದೂರ ನಡೆದು ಬಂದ ಜನ ಬುತ್ತಿ ಇಲ್ಲದೆ ಬಂದಿರುತ್ತಾರೆಯೆ? ಎಲ್ಲರ ಮಡಿಲಲ್ಲೂ ರೊಟ್ಟಿ ಇತ್ತು. ಕೊಡಬೇಕಾದೀತೆಂದು ಬಚ್ಚಿಟ್ಟಿದ್ದರು. ಒಬ್ಬ ಹುಡುಗ ಬಿಚ್ಚಿದ, ನಾಚಿಕೊಂಡು ಎಲ್ಲರೂ ಬಿಚ್ಚಿದರು. ಮಿರಾಕಲ್ ನಡೆದದ್ದು ರೊಟ್ಟಿಯಲ್ಲಲ್ಲ, ಹೃದಯದಲ್ಲಿ."

ನಮ್ಮ ಕಡೆ ಬುತ್ತಿ ಕಟ್ಟದೆ ಯಾರು ಊರು ಬಿಡುತ್ತಾರೆ? ಎಷ್ಟು ಸರಿಯಾದ ಎಕ್ಸ್‌ಪ್ಲನೇಶನ್ ಅನ್ನಿಸಿತು. ಅದರ ಬೆನ್ನಿಗೇ ಕೀಲಿ ಎದೆಯನ್ನು ಚುಚ್ಚಿತು.

"ನಾಳೆ ನಾವೂ ಮಾಡಿ ನೋಡೋಣ. ಅವರವರ ಟ್ರಂಕಿನಲ್ಲಿ ಇದ್ದದ್ದನ್ನು ತನ್ನಿ. ಯಾರಿಗೂ ಶಿಕ್ಷೆ ಇಲ್ಲ."

ಮರುದಿನ ಬೇವಿನ ಮರದ ಕೆಳಗೆ ದೊಡ್ಡ ಪರಾತ ಇಟ್ಟರು. ಚಕ್ಕುಲಿ, ಚುರುಮುರಿ, ಒಣಗಿದ ಸಜ್ಜೆ ರೊಟ್ಟಿ ಒಂದೊಂದಾಗಿ ಬಂದು ಬಿದ್ದವು. ನಾನು ಒಂದು ಮುಷ್ಟಿ ಪುಠಾಣಿ ಹಾಕಿದೆ. ಡಬ್ಬಿ ಲಂಗಗಳ ಕೆಳಗೇ ಉಳಿಯಿತು. ಶಿಕ್ಷೆ ಇಲ್ಲವೆಂದು ಹೇಳಿದ್ದು ಫಾದರ್. ನಾನು ಹೆದರುತ್ತಿದ್ದದ್ದು ಬೋರ್ಡಿಂಗ್ ಸಿಸ್ಟರಿಗೆ.

ಕೊನೆಗೆ ಮರಿಯವ್ವ ಬರಿಗೈಯಲ್ಲಿ ಬಂದು ನಿಂತಳು.

"ನನ್ನತ್ರ ಏನೂ ಇಲ್ರೀ ಫಾದರ್."

"ಹೆದರಬೇಡ ಮಗಳೇ. ಎಲ್ಲರ ಬಳಿಯೂ ಏನಾದರೂ ಇದ್ದೇ ಇರುತ್ತದೆ."

"ಖರೇನ ಇಲ್ರೀ."

ಸಿಸ್ಟರ್ ಹೋಗಿ ಅವಳ ಚೀಲ ತಂದು ಕಲ್ಲಿನ ಮೇಲೆ ಕೊಡವಿದರು. ಒಂದು ಲಂಗ, ಒಂದು ಹಣಿಗೆ, ಗಜ್ಜುಗದ ಕಾಯಿಗಳು. ಆಮೇಲೆ ಆ ಹಾಳೆಯ ಪೊಟ್ಟಣ. ಅದು ಬಿಚ್ಚಿಕೊಂಡಿತು. ಅರ್ಧ ಹೋಳಿಗೆ, ಅವಳ ಹಲ್ಲು ಕೂಡ ತಾಗದೆ ಹಾಗೇ ಇತ್ತು.

"ಸುಳ್ಳು! ಎಲ್ಲಿಂದ ಬಂತು ಇದು?" ಎಂದರು ಸಿಸ್ಟರ್.

ಮರಿಯವ್ವ ನನ್ನತ್ತ ನೋಡಿದಳು. ಒಂದೇ ಗಳಿಗೆ. ನಾನು ಹೇಳಬೇಕಾಗಿದ್ದು ಮೂರೇ ಮಾತು: ಅದು ನಂದು, ಸಿಸ್ಟರ್. ಹೇಳಿದರೆ ಟ್ರಂಕು, ಟ್ರಂಕು ತೆರೆದರೆ ಡಬ್ಬಿ, ಡಬ್ಬಿ ಸಿಕ್ಕರೆ ಅವ್ವನ ಮಾನ. ಎತ್ತ ಹೋದರೂ ಗೋಡೆ.

"ನಮ್ಮವ್ವ ಕೊಟ್ಟಿದ್ದಳ್ರೀ," ಅಂದಳು ಮರಿಯವ್ವ.

ಫಾದರ್ ಸಿಸ್ಟರನ್ನು ತಡೆದರು. ಅವರ ಕಣ್ಣು ಒದ್ದೆಯಾಗಿತ್ತು. "ಬೈಯಬೇಡಿ. ನೋಡಿದಿರಾ ಮಕ್ಕಳೇ, ಏನೂ ಇಲ್ಲ ಎಂದವಳ ಬಳಿಯೂ ಇತ್ತು. ಇದೇ ಆ ಮಿರಾಕಲ್." ಅರ್ಧ ಹೋಳಿಗೆಯನ್ನು ಚೂರು ಚೂರು ಮಾಡಿ ಪ್ರಸಾದದ ಹಾಗೆ ಎಲ್ಲರಿಗೂ ಹಂಚಿದರು. ನನ್ನ ಅವ್ವನ ಕೈಯ ಏಲಕ್ಕಿ, ಹುರಿದ ಶೇಂಗಾ ನನ್ನ ನಾಲಿಗೆಯ ಮೇಲೆ ಕರಗಿತು. ಉಗುಳುವಂತಿರಲಿಲ್ಲ, ನುಂಗುವಂತಿರಲಿಲ್ಲ.

ಸಂಜೆ ಬಾವಿಯ ಹತ್ತಿರ ಕೇಳಿದೆ: "ಯಾಕ ತಿಂದಿರಲಿಲ್ಲ?"

"ನಮ್ಮ ತಮ್ಮಗ ಇಟ್ಟಿದ್ದೆ. ಹಬ್ಬಕ್ಕ ಊರಿಗೆ ಹೋಗ್ತೀನಲ್ಲ."

ನಾನು ಕೊರಳಿನ ಕೀಲಿ ತೆಗೆದು ಅವಳ ಮುಂದೆ ಹಿಡಿದೆ. ಪೂರಾ ಡಬ್ಬಿ ತಗೋ ಅಂದೆ. ಅವಳು ಕೊಡ ತಿಕ್ಕುತ್ತಲೇ ಇದ್ದಳು.

"ಬ್ಯಾಡ. ಒಂದ್ ಮಾತು ಹೇಳು, ನೀ ಶಾಣ್ಯಾಕಿ. ಅವತ್ತು ಆ ಗುಡ್ಡದಾಗ ಗಂಟು ಇಲ್ಲದ ಬಂದೋರು ಒಬ್ಬರೂ ಇರಲಿಲ್ಲೇನು? ದೇವ್ರು ರೊಟ್ಟಿ ಮಾಡಿ ಕೊಟ್ಟಾನಂದ್ರ ಯಾರ ಮಾರೀನೂ ನೋಡದ ತಿನ್ನಬೌದಿತ್ತಬೇ. ಮಂದಿ ಕೊಟ್ರಂದ್ರ ಅವರ ಮಾರಿ ನೋಡಿ ತಿನ್ನಬೇಕು."

ಕೀಲಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡೆ.

ಶನಿವಾರ ಪಾಪನಿವೇದನೆಗೆ ಮೊಣಕಾಲೂರಿದೆ. ಜಾಲರಿಯ ಆಚೆ ಕೂತವರು ಅದೇ ಫಾದರ್. ನಿಮ್ಮ ಮಿರಾಕಲ್ ನನ್ನ ಟ್ರಂಕಿನದು ಎಂದು ಅವರಿಗೆ ಹೇಗೆ ಹೇಳಲಿ? ಪೂಜೆಯಲ್ಲಿ ನಿದ್ದೆ ಮಾಡಿದೆ ಅಂದೆ. ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಜಪ ಹೇಳಲು ಹೇಳಿದರು. ಹಬ್ಬಕ್ಕೆ ಊರಿಗೆ ಹೋದ ಮರಿಯವ್ವ ತಿರುಗಿ ಬರಲಿಲ್ಲ. ಡಬ್ಬಿಯಲ್ಲಿದ್ದದ್ದು ಕಮಟು ಹಿಡಿಯಿತು. ಬಾವಿಯ ಹಿಂದೆ ಹೂತುಬಿಟ್ಟೆ.

ಹೋದ ಭಾನುವಾರ ಇಲ್ಲಿ ಸಿಂಧನೂರಿನ ನಮ್ಮ ಚರ್ಚಿನ ಬೈಬಲ್ ಸ್ಟಡಿಯಲ್ಲಿ ಒಬ್ಬ ಯುವಕ ಗೋಡೆಯ ಮೇಲೆ ಸ್ಲೈಡ್ ಹಾಕಿ ಅದೇ ಐದು ರೊಟ್ಟಿಯ ಅರ್ಥ ಬಿಡಿಸಿದ. ಅದೇ ಬುತ್ತಿ, ಅದೇ ಹೃದಯ. ಮಾಡರ್ನ್ ರೀಡಿಂಗ್ ಅಂದ. ಕುರ್ಚಿ ಹಿಡಿದು ಎದ್ದು ನಿಂತೆ. ಅರವತ್ತು ವರ್ಷ ದಾಟಿದ ಮೇಲೆ ಮೊದಲ ಬಾರಿಗೆ, ಎಲ್ಲರೆದುರು ಆ ದಿನದ್ದನ್ನೆಲ್ಲ ಹೇಳಿದೆ: ಆ ಹೋಳಿಗೆ ನಂದು, ಆ ಹುಡುಗಿಯ ಹತ್ತಿರ ಖರೇನ ಏನೂ ಇರಲಿಲ್ಲ.

ಯುವಕ ಎದೆಯ ಮೇಲೆ ಕೈಯಿಟ್ಟುಕೊಂಡ. "ಬ್ಯೂಟಿಫುಲ್, ಆಂಟಿ! ನೀವು ಕೊಟ್ರಿ, ಆಕಿ ಹಂಚಿದಳು. ನಾ ಹೇಳಾಕತ್ತಿದ್ದೂ ಅದನ್ನರೀ."

ಚಪ್ಪಾಳೆ ಬಿತ್ತು. ನಾನು ಕೂತೆ.

ಬೇವಿನ ಮರದ ಕೆಳಗಿನ ಆ ದಿನಕ್ಕೆ ಮುಂಚೆ, ರೊಟ್ಟಿ ಎಲ್ಲಿಂದ ಬಂತೆಂದು ನಾನು ಯಾರನ್ನೂ ಕೇಳಿರಲಿಲ್ಲ. ಬುಟ್ಟಿ ತುಂಬುವುದು ಕಣ್ಣಿಗೆ ಕಟ್ಟುತ್ತಿತ್ತು. ಈಗ ಆ ವಾಕ್ಯ ಓದಿದಾಗಲೆಲ್ಲ ಕಾಣುವುದು ಕೊಡವಿದ ಒಂದು ಹಿಟ್ಟಿನ ಚೀಲ. ಅರ್ಥ ನನಗೆ ಸಿಕ್ಕಿತು. ಯಾರ ಮುಖವನ್ನೂ ನೋಡದೆ ಮರಿಯವ್ವ ಉಣ್ಣಬಹುದಾಗಿದ್ದ ಒಂದೇ ಒಂದು ರೊಟ್ಟಿಯಿತ್ತು, ದೇವರು ಕೊಟ್ಟದ್ದು; ಆ ಅರ್ಥಕ್ಕೆ ಅದು ಹೋಯಿತು.