ದುಂಡಗೆ ಕತ್ತರಿಸಿದ ಫೋಟೊ

ಏಪ್ರಿಲ್ ಸೂಟಿಗೆ ಅಕ್ಕನ ಮಗಳು ಹಿರೇಕೆರೂರಿನಿಂದ ನಮ್ಮ ಮನೆಗೆ ಬಂದಾಗ ಅವಳ ಚೀಲದಲ್ಲಿ ಬಟ್ಟೆಗಿಂತ ಕಾಗದವೇ ಹೆಚ್ಚಿತ್ತು. ದಪ್ಪ ಹಾಳೆಯ ದೊಡ್ಡ ಪುಸ್ತಕ, ಬಣ್ಣದ ಟೇಪು, ಲೇಸು, ಒತ್ತಿ ಒಣಗಿಸಿದ ಹೂವು. “ಚಿಗವ್ವಾ, ಈ ಸಲ ಸ್ಕ್ರಾಪ್‌ಬುಕ್ ಮಾಡೂನು. ನಿನ್ನ ಕಡೆ ಚೂರು ಭಾಳ ಇರ್ತಾವಲ್ಲ?” ಎಂದಳು. ನಾನು ಅಕ್ಕಿಆಲೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಚೂರಿಗೇನು ಬರ? ಗಾದಿಯ ಕೆಳಗೆ, ಮಷಿನ್ನಿನ ಹಿಂದೆ, ಒಮ್ಮೊಮ್ಮೆ ಗಂಡನ ಅಂಗಿಯ ಕಿಸೆಯಲ್ಲೂ ಚೂರೇ.

ಅಕ್ಕನ ಮಗಳು ಎಂದೆ. ಹಾಗೆ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಹೆತ್ತವಳು ನಾನು. ಅಕ್ಕನಿಗೆ ಮಕ್ಕಳಾಗಲಿಲ್ಲ. ನನ್ನ ಎರಡನೆಯ ಹೆಣ್ಣುಮಗು ಇನ್ನೂ ಅಂಬೆಗಾಲಿಡುವ ಮೊದಲೇ ಅದನ್ನು ಅಕ್ಕನ ಉಡಿಗೆ ಹಾಕಿದೆವು. ಯಾರೂ ಒತ್ತಾಯ ಮಾಡಲಿಲ್ಲ, ನನ್ನ ಬಾಯಿಂದಲೇ ಹೂಂ ಅಂದೆ. ಹುಡುಗಿಗೂ ಇದು ಗೊತ್ತು. ಇಂಥ ಮಾತನ್ನು ಮನೆಯವರು ಮುಚ್ಚಿಟ್ಟರೂ ಓಣಿಯವರು ಬಿಡುತ್ತಾರೆಯೇ? ಗೊತ್ತಿದ್ದರೂ ಅವಳಿಗೆ ಅವ್ವ ಎಂದರೆ ಅಕ್ಕ, ನಾನು ಚಿಗವ್ವ. ಸಾಕಿದವಳು ಅವಳಲ್ಲವೇ ಎಂದು ನನಗೆ ನಾನೇ ಬುದ್ಧಿ ಹೇಳಿಕೊಳ್ಳುತ್ತೇನೆ. ಹೇಳಿಕೊಂಡಷ್ಟು ಹೊತ್ತು ಸಮಾಧಾನ. ಆಮೇಲೆ ಮತ್ತೆ ಅದೇ ಆಸೆ: ಒಂದೇ ಒಂದು ಸಲ, ನೀರು ಕೇಳುವ ನೆಪದಲ್ಲಾದರೂ, ಅವಳು ನನ್ನನ್ನು ಅವ್ವಾ ಎಂದು ಕರೆಯಬೇಕು.

ಪುಸ್ತಕದ ಕೆಲಸಕ್ಕೆ ಕುಂತೆವು. ಅವಳಿಗೆ ಮೊಬೈಲಿನ ವಿಡಿಯೋನೇ ಗುರು. “ಒಂದ ನಮೂನಿ ಮಾಡಿದ್ರ ಚಂದ ಕಾಣಂಗಿಲ್ಲ. ಬಣ್ಣ, ಬಟ್ಟಿ, ಹೊಲಿಗಿ, ಎಲ್ಲಾ ಮಿಕ್ಸ್ ಮಾಡಬೇಕು,” ಎಂದಳು. ಹಾಳೆ ಹಳೆಯದಾಗಿ ಕಾಣಲು ಚಹಾದಲ್ಲಿ ಅದ್ದಬೇಕಂತೆ. ಬೆಳಗ್ಗೆ ಉಳಿದಿದ್ದ ಚಹಾ ಕೊಟ್ಟೆ. ಹಾಳೆ ಚೆಂದ ಕಂದುಬಣ್ಣಕ್ಕೆ ತಿರುಗಿತು, ಮಧ್ಯಾಹ್ನದ ಹೊತ್ತಿಗೆ ಓಣಿಯ ಇರುವೆಗಳೆಲ್ಲ ಅದಕ್ಕೆ ಮುಕುರಿದ್ದವು. ಸಕ್ಕರೆ ಹಾಕಿದ ಚಹಾ! ಸಕ್ಕರೆ ಇಲ್ಲದ ಚಹಾ ಅಂತೊಂದು ಇರುತ್ತದೆ ಎನ್ನುವುದು ನಮ್ಮ ಮನೆಯಲ್ಲಿ ಯಾರ ತಲೆಗೆ ಹೊಳೆಯಬೇಕು? ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುದಿನ ಬರೀ ಚಹಾಪುಡಿ ಕುದಿಸಿದೆವು. ಬೆಂಡೆಕಾಯಿ ಕೊಯ್ದು ಬಣ್ಣದಲ್ಲಿ ಅದ್ದಿ ಹೂವಿನ ಹಾಗೆ ಅಚ್ಚು ಒತ್ತಿದೆವು. ಅಂಗಡಿಯಿಂದ ತಂದ ಗೋಂದು ತೀರಿದ ಮೇಲೆ ನಾನು ಮೈದಾ ಕುದಿಸಿ ಅಂಟು ಮಾಡಿದೆ, ಹುಳ ಹತ್ತದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿದೆ.

ಹಾಳೆಯ ಮೇಲೆ ಬಟ್ಟೆ ಹೊಲಿಯಲು ಹೋದಾಗ ಅವಳ ಕೈಯಲ್ಲಿ ಕಾಗದ ಪರ್ ಎಂದು ಹರಿಯಿತು. “ಕೊಡಿಲ್ಲಿ,” ಎಂದು ಕಸಿದುಕೊಂಡೆ. ಹಿಂದೆ ತೆಳುವಾದ ಅರಿವೆ ಕೊಟ್ಟು, ಮೊದಲು ದಬ್ಬಳದಿಂದ ತೂತು ಮಾಡಿ, ಆಮೇಲೆ ಕೌದಿಗೆ ಹಾಕುವ ಹಾಗೆ ಉದ್ದುದ್ದ ಎಳೆ ಹಾಕಿ ತೋರಿಸಿದೆ. ಹುಡುಗಿ ನನ್ನ ಮೊಣಕಾಲಿಗೆ ಒರಗಿ ನೋಡುತ್ತಿದ್ದಳು. ಅವಳ ತಲೆಯ ಎಣ್ಣೆಯ ವಾಸನೆ ಮೂಗಿಗೆ ಬರುತ್ತಿತ್ತು. ಬೇಕೆಂದೇ ನಿಧಾನವಾಗಿ ಹೊಲಿದೆ.

ಅವಳು ಕೇಳಲಿ ಎಂದು ನಾನು ಕಾಯುತ್ತಿದ್ದುದನ್ನು ಕೊನೆಗೂ ಕೇಳಿದಳು. “ನಾ ಕೂಸಿದ್ದಾಗಿನ ಫೋಟೊ ಐತೇನು? ಮೊದಲನೇ ಪುಟಕ್ಕ ಬೇಕು.”

ಇದ್ದದ್ದು ಒಂದೇ. ಅವಳನ್ನು ಅಕ್ಕನಿಗೆ ಒಪ್ಪಿಸುವ ಮೊದಲು ಎಲ್ಲರೂ ಹುಲಗೂರು ದರ್ಗಾಕ್ಕೆ ಹೋಗಿ ಕೂಸಿನ ಹೆಸರಿನಲ್ಲಿ ಸಕ್ಕರೆ ಓದಿಸಿಕೊಂಡು ಬರುವಾಗ ಶಿಗ್ಗಾವಿಯ ಸ್ಟುಡಿಯೊದಲ್ಲಿ ತೆಗೆಸಿದ್ದು. ತೆಗೆಸಿದವಳು ಅಕ್ಕನೇ. “ನಿನ್ನ ತೊಡಿ ಮ್ಯಾಲೆ ಕೂಡಿಸ್ಕೋ, ನಿನಗೂ ಒಂದು ನೆನಪಿರ್ಲಿ,” ಎಂದು ನನ್ನನ್ನು ಕೂಡಿಸಿ, ತಾನು ಕ್ಯಾಮೆರಾದ ಹಿಂದೆ ನಿಂತು ಬಳೆ ಕುಣಿಸಿದ್ದಳು. ಕೂಸು ಅವಳನ್ನು ನೋಡಿ ಬಾಯ್ತುಂಬ ನಕ್ಕಿತ್ತು. ನಾನು ಮಾತ್ರ ಕೂಸನ್ನೇ ನೋಡುತ್ತಿದ್ದೆ, ಫೋಟೊದವನು ಎರಡು ಸಲ ಗದರಿದರೂ ತಲೆ ಎತ್ತಲಿಲ್ಲ.

ಟ್ರಂಕಿನಿಂದ ಫೋಟೊ ತಂದುಕೊಟ್ಟೆ. ಜೊತೆಗೆ ಅದರಲ್ಲಿ ನಾನು ಉಟ್ಟಿದ್ದ, ಸವಣೂರಿನ ಪೇಟೆಯಲ್ಲಿ ಕೊಂಡಿದ್ದ ಕೆಂಪು ಸೀರೆಯ ಒಂದು ತುಂಡು. ಮೊದಲನೆಯ ಪುಟದಲ್ಲಿ ನಾವಿಬ್ಬರೂ, ಸುತ್ತ ಆ ಸೀರೆಯ ಅಂಚು. ಕರೆಯದಿದ್ದರೆ ಬೇಡ, ಪುಸ್ತಕದಲ್ಲಾದರೂ ತಾಯಿಮಗಳಾಗಿ ಕೂತಿರುತ್ತೇವೆ. ಮನಸ್ಸಿನಲ್ಲಿ ಆಗಲೇ ಹೊಲಿದು ಮುಗಿಸಿದ್ದೆ.

“ಅಯ್ಯ, ಎಷ್ಟು ಚಂದ ನಗಾಕತ್ತೇನಿ!” ಎಂದು ಹುಡುಗಿ ಕುಣಿದಳು. ಸಣ್ಣ ಬಟ್ಟಲನ್ನು ಕೂಸಿನ ಮುಖದ ಮೇಲೆ ಬೋರಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದಳು. ನನ್ನ ಬ್ಲೌಸಿನ ಕತ್ತರಿ ಎತ್ತಿಕೊಂಡಳು. ಆ ಕತ್ತರಿಯಿಂದ ಕಾಗದ ಮುಟ್ಟಿದರೆ ನಾನು ಗಂಡನನ್ನೂ ಬಿಡುವವಳಲ್ಲ. ಆದರೆ ಇವಳಿಗೆ ಬ್ಯಾಡ ಎನ್ನಲು ನಾನು ಯಾರು? ದುಂಡಗೆ ಕತ್ತರಿಸಿ ಮುಖ ತೆಗೆದುಕೊಂಡಳು. ಉಳಿದದ್ದು ತಲೆ ತಗ್ಗಿಸಿ ತೂತನ್ನು ನೋಡುತ್ತ ಕುಳಿತ ನಾನು.

“ಈ ಚೂರು ಒಗೀಲೇನು ಚಿಗವ್ವಾ?”

“ಅಲ್ಲೇ ಇಡು,” ಎಂದೆ. ಅವಳು ಕೈ ತೊಳೆಯಲು ಹೋದಾಗ ಅದನ್ನು ಗುಂಡಿಯ ಡಬ್ಬಿಯೊಳಗೆ ಹಾಕಿದೆ. ಆ ಸಂಜೆ ಕೆಂಪು ಬಟ್ಟೆಯನ್ನು ಮುಖದ ಸುತ್ತ ಕೂಡಿಸಿ ಹೊಲಿದುಕೊಟ್ಟವಳೂ ನಾನೇ. ದಬ್ಬಳ ಎಲ್ಲಿ ಕೂಸಿನ ಕೆನ್ನೆಗೆ ತಾಗುತ್ತದೋ ಎಂದು ಒಂದೊಂದು ತೂತನ್ನೂ ಅಂಚಿನಾಚೆಗೇ ಚುಚ್ಚಿದೆ.

ಸೂಟಿ ಮುಗಿಯಿತು. ಕರೆದೊಯ್ಯಲು ಅಕ್ಕ ಬಂದಳು. ಬಸ್‌ಸ್ಟ್ಯಾಂಡಿನಲ್ಲಿ ತಿಳವಳ್ಳಿ ಮೇಲೆ ಹಿರೇಕೆರೂರಿಗೆ ಹೋಗುವ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಮೂವರೂ ಕುಳಿತಿದ್ದೆವು. ಹುಡುಗಿ ಪುಸ್ತಕವನ್ನು ಅಕ್ಕನ ತೊಡೆಯ ಮೇಲೆ ಬಿಚ್ಚಿದಳು. ಮೊದಲನೆಯ ಪುಟವನ್ನು ಅಕ್ಕ ಹತ್ತಿರಕ್ಕೆ ಎಳೆದುಕೊಂಡಳು. ದುಂಡಗಿನ ಮುಖದ ಮೇಲೆ, ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ಈ ಫೋಟೊದಾಗ ಚಿಗವ್ವ ಇದ್ಲಲ್ಲ, ಎಲ್ಲಿ ಹಾಕಿದಿ ಆಕಿನ್ನ?” ಎಂದು ಕೇಳಿದಳು.

“ಅದು ನಂದೂ ನಿಂದೂ ಪುಟ ಅವ್ವಾ. ನೋಡಿಲ್ಲಿ, ಬಾಜೂಕ ನಿನ್ನ ಫೋಟೊಕ್ಕ ಜಾಗಾ ಬಿಟ್ಟೇನಿ,” ಎಂದಳು ಹುಡುಗಿ. ಆಮೇಲೆ ಸರಸರ ಹಾಳೆ ತಿರುಗಿಸಿ ಕೊನೆಯ ಪುಟ ತೋರಿಸಿದಳು. ಬೆಂಡೆಕಾಯಿಯ ಹೂಗಳು, ನಟ್ಟನಡುವೆ ಖಾಲಿ. “ಇದು ಚಿಗವ್ವಂದು. ಆಕಿದೊಂದು ಚಲೋ ಫೋಟೊ ಸಿಕ್ಕಿಲ್ಲ, ಅದಕ್ಕ ಖಾಲಿ ಐತಿ.”

ಅಕ್ಕ ನನ್ನ ಕಡೆ ನೋಡಿದಳು. ಅವಳ ಕಣ್ಣು ತುಂಬಿತ್ತು, ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಅದುಮಿ ಬೇಡವೆಂದೆ. ಅಷ್ಟರಲ್ಲಿ ಬಸ್ಸು ಬಂತು. ಹುಡುಗಿ ಚೀಲ ಹೆಗಲಿಗೇರಿಸಿಕೊಂಡು ನನ್ನ ಕೆನ್ನೆ ಹಿಂಡಿದಳು.

“ಬೇಗ ಒಂದು ತೆಗೆಸಿ ಇಡು ಮತ್ತ, ಚಿಗವ್ವಾ.”

“ಹೂಂ, ತೆಗೆಸ್ತೇನಿ ತಗೋ,” ಎಂದೆ.